ನಿಮ್ಮ ಅಂಗಡಿ ನಿಮ್ಮ ಹೆಸರಿನಲ್ಲಿಲ್ಲ

ಇನ್‌ಸ್ಟಾಗ್ರಾಂನಲ್ಲಿ ಇಳಕಲ್ ಸೀರೆ ಮಾರುವವರು, ವಾಟ್ಸ್‌ಆ್ಯಪ್‌ನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿಗೆ ಆರ್ಡರ್ ಹಿಡಿಯುವವರು, ಒಂದು ಫೇಸ್‌ಬುಕ್ ಪುಟವನ್ನೇ ನಂಬಿ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಅಮೆರಿಕದ ತನಕ ಕಳಿಸುವವರು, ನಿಮ್ಮನ್ನೆಲ್ಲ ಒಂದು ಮಾತು ಕೇಳಬೇಕಿದೆ. ನಾಳೆ ಬೆಳಗ್ಗೆ ಆ ಖಾತೆ ತೆರೆಯದೇ ಹೋದರೆ ನಿಮ್ಮ ಗ್ರಾಹಕರಲ್ಲಿ ಎಷ್ಟು ಮಂದಿಗೆ ನೀವು ಫೋನ್ ಮಾಡಬಲ್ಲಿರಿ? ಅವರ ಹೆಸರು, ನಂಬರು, ಕೊಡಬೇಕಾದ ಬಾಕಿ, ಕಳೆದ ದೀಪಾವಳಿಗೆ ಏನೇನು ತರಿಸಿಕೊಂಡಿದ್ದರು ಎಂಬುದು ಆ ಆ್ಯಪ್ ಬಿಟ್ಟು ಬೇರೆ ಎಲ್ಲಾದರೂ ಬರೆದಿದೆಯೇ? ಬಹಳ ಮಂದಿ ಇಲ್ಲವೆಂದೇ ಹೇಳುತ್ತೀರಿ, ಅದೂ ಯಾವ ಅಳುಕೂ ಇಲ್ಲದೆ. ವರ್ಷಗಟ್ಟಲೆ ಬೆವರು ಸುರಿಸಿ ಕಟ್ಟಿದ ವ್ಯಾಪಾರದ ಬಗ್ಗೆ ಇಷ್ಟು ಉದಾಸೀನ ಎಲ್ಲಿಂದ ಬಂತು?

‘ಗೂಗಲ್, ಫೇಸ್‌ಬುಕ್ ಎಲ್ಲಾದರೂ ಮುಳುಗ್ತಾವಾ?’ ಎಂಬ ಮಾತು ತಯಾರಾಗಿಯೇ ಇರುತ್ತದೆ. ಕಂಪನಿ ಮುಳುಗಬೇಕಾಗಿಯೇ ಇಲ್ಲ. ಸಣ್ಣ ವ್ಯಾಪಾರಿಗಳು ಮೊಬೈಲಿನಲ್ಲೇ ಹತ್ತು ನಿಮಿಷದೊಳಗೆ ಪುಕ್ಕಟೆ ವೆಬ್‌ಸೈಟ್ ಮಾಡಿಕೊಳ್ಳುವ ವ್ಯವಸ್ಥೆಯನ್ನು 2017ರಲ್ಲಿ ಗೂಗಲ್ ತಂದಿತು. ಅಂಗಡಿಯ ಹೆಸರು, ಅದರ ಹಿಂದೆ ‘ಡಾಟ್ ಬಿಸಿನೆಸ್ ಡಾಟ್ ಸೈಟ್’ ಎಂಬ ಬಾಲ. ಜನ ಆ ವಿಳಾಸವನ್ನು ವಿಸಿಟಿಂಗ್ ಕಾರ್ಡಿನಲ್ಲಿ, ಕೈಚೀಲದ ಮೇಲೆ, ಬಿಲ್ ಪುಸ್ತಕದಲ್ಲಿ ಅಚ್ಚು ಹಾಕಿಸಿಕೊಂಡರು. 2024ರ ಮಾರ್ಚ್‌ನಲ್ಲಿ ಗೂಗಲ್ ಆ ಸೈಟುಗಳನ್ನೆಲ್ಲ ಒಟ್ಟಿಗೇ ನಿಲ್ಲಿಸಿತು. ಆ ವರ್ಷದ ಜೂನ್ 10ರ ತನಕ ಹಳೆಯ ವಿಳಾಸ ಒತ್ತಿದವರನ್ನು ಅಂಗಡಿಯ ಗೂಗಲ್ ಪ್ರೊಫೈಲಿಗೆ ಕಳಿಸಿತು. ಆಮೇಲೆ ಅದೂ ನಿಂತಿತು. ಆ ವಿಳಾಸ ಅಂಗಡಿಯವರದಾಗಿರಲೇ ಇಲ್ಲ, ಆದ್ದರಿಂದ ಅದನ್ನು ಬೇರೆ ಕಡೆಗೆ ಒಯ್ಯುವ ದಾರಿಯೂ ಇರಲಿಲ್ಲ. ಗೂಗಲ್ ಆಗ ಬಡವಾಗಿತ್ತೇ? ಜಗತ್ತಿನ ಅತಿ ಶ್ರೀಮಂತ ಕಂಪನಿಗಳಲ್ಲಿ ಒಂದಾಗಿದ್ದಾಗಲೇ ಅದು 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಮುಚ್ಚಿತು, 2019ರ ಏಪ್ರಿಲ್‌ನಲ್ಲಿ ಗೂಗಲ್ ಪ್ಲಸ್ ಮುಚ್ಚಿತು. ಲಾಭಕ್ಕೆ ಬಾರದ ಸೇವೆಯನ್ನು ಕೈಬಿಡುವುದು ಅವರ ವ್ಯವಹಾರ. ಅವರು ಮೋಸ ಮಾಡಲಿಲ್ಲ. ಯಾವಾಗ ಬೇಕಾದರೂ ನಿಲ್ಲಿಸುವ ಹಕ್ಕು ನಮಗಿದೆ ಎಂದು ಇಂಥವರೆಲ್ಲ ಮೊದಲ ದಿನವೇ ಬರೆದುಕೊಟ್ಟಿರುತ್ತಾರೆ. ನೀವು ಅದನ್ನು ಓದದೆ ‘ಒಪ್ಪಿಗೆ’ ಒತ್ತಿ ಮುಂದೆ ಹೋಗಿರುತ್ತೀರಿ.

ಕೆಲವು ಸಲ ಮುಚ್ಚುವುದಿಲ್ಲ, ಬೆಲೆ ಹಾಕುತ್ತಾರೆ. ಫೋಟೊಬಕೆಟ್ ಎಂಬ ತಾಣದಲ್ಲಿ ಜನ ವರ್ಷಾನುಗಟ್ಟಲೆ ಪುಕ್ಕಟೆಯಾಗಿ ಚಿತ್ರಗಳನ್ನಿಟ್ಟು, ಅಲ್ಲಿಂದಲೇ ಇಬೇ, ಅಮೆಜಾನ್‌ಗಳಲ್ಲಿ ತಮ್ಮ ಸರಕಿನ ಪಕ್ಕ ತೋರಿಸುತ್ತಿದ್ದರು. 2017ರಲ್ಲಿ ಹಾಗೆ ತೋರಿಸುವುದಕ್ಕೆ ವರ್ಷಕ್ಕೆ 399.99 ಡಾಲರ್ ಎಂದರು, ಆಗಿನ ಲೆಕ್ಕದಲ್ಲಿ ಸುಮಾರು 26 ಸಾವಿರ ರೂಪಾಯಿ. ಕೊಡದವರ ಸರಕಿನ ಜಾಗದಲ್ಲಿ ಚಿತ್ರ ಹೋಗಿ, ದುಡ್ಡು ಕಟ್ಟಿ ಎಂಬ ಸೂಚನೆ ಬಂದು ಕೂತಿತು. ಮೂಲ ಫೋಟೊಗಳನ್ನು ತಮ್ಮ ಬಳಿ ಇಟ್ಟುಕೊಂಡಿದ್ದವರು ಬೇಗ ಸುಧಾರಿಸಿಕೊಳ್ಳಬಹುದಿತ್ತು. ಇಟ್ಟುಕೊಳ್ಳದವರು ಇನ್ನಷ್ಟು ಸಿಕ್ಕಿಬಿದ್ದರು.

ಇನ್ನು ಕೆಲವು ಸಲ ತೀರ್ಮಾನ ಕಂಪನಿಯ ಕೈಯಲ್ಲೂ ಇರುವುದಿಲ್ಲ. 2020ರ ಜೂನ್ 29ರ ರಾತ್ರಿ ಕೇಂದ್ರ ಸರ್ಕಾರ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಟಿಕ್‌ಟಾಕ್ ಕೂಡ ಹೋಯಿತು. ಸರ್ಕಾರದ ನಿರ್ಧಾರ ಸರಿಯೋ ತಪ್ಪೋ ಎಂಬುದು ಬೇರೆ ಚರ್ಚೆ. ಅಲ್ಲಿ ಲಕ್ಷಗಟ್ಟಲೆ ಹಿಂಬಾಲಕರನ್ನು ಗಳಿಸಿದ್ದ ಹಳ್ಳಿಯ ಹುಡುಗ ಹುಡುಗಿಯರಿಗೆ ಆ ಲಕ್ಷ ಜನರಲ್ಲಿ ಒಬ್ಬರ ವಿಳಾಸವೂ ಸಿಗಲಿಲ್ಲ. ಇಷ್ಟು ನೋಡಿದ ಮೇಲೂ ನಾವು ಮಾಡಿದ್ದೇನು? ಅದೇ ಅಭ್ಯಾಸವನ್ನು ರೀಲ್ಸಿಗೆ ಹೊತ್ತುಕೊಂಡು ಹೋದೆವು. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ತಾಸು ಸ್ತಬ್ಧವಾದವು. ನವರಾತ್ರಿಗೆ ಇನ್ನು ಮೂರೇ ದಿನ ಇತ್ತು. ಮೂರು ಕಡೆ ಅಂಗಡಿ ಇದೆ ಎಂದುಕೊಂಡವರಿಗೆ ಮೂರರ ಯಜಮಾನನೂ ಒಬ್ಬನೇ ಎಂಬುದು ಅವತ್ತಾದರೂ ಮನಸ್ಸಿಗೆ ನಾಟಬೇಕಿತ್ತು. ಬೆಳಗಾದರೆ ಎಲ್ಲ ಸರಿಯಾಗಿತ್ತು, ನೀವೂ ಮರೆತಿರಿ.

ಖಾತೆ ಇದ್ದೂ ಇಲ್ಲದಂತಾಗುವುದು ಇನ್ನೊಂದು ಬಗೆ. ವ್ಯಾಪಾರದ ಪುಟಗಳ ಪೋಸ್ಟುಗಳಿಗಿಂತ ಗೆಳೆಯರು, ಮನೆಮಂದಿ ಹಾಕಿದ್ದನ್ನು ಮುಂದಿಡುತ್ತೇವೆ ಎಂದು ಮಾರ್ಕ್ ಜುಕರ್‌ಬರ್ಗ್ 2018ರ ಜನವರಿಯಲ್ಲೇ ಸಾರಿದರು. ನಿಮ್ಮ ಪುಟವನ್ನು ಮೆಚ್ಚಿದ ಹತ್ತು ಸಾವಿರ ಜನರಿಗೆ ನಿಮ್ಮ ಹೊಸ ಸೀರೆ ಕಾಣಬೇಕಾದರೆ ಜಾಹೀರಾತಿಗೆ ದುಡ್ಡು ಕಟ್ಟಿ ಎಂಬಲ್ಲಿಗೆ ಬಂದು ಮುಟ್ಟಿದೆ.

ಲೆಕ್ಕಪತ್ರದ ಮಾತಿಗೆ ಬಂದರಂತೂ ನಿಮ್ಮ ಅಸಡ್ಡೆಗೆ ಎಣೆಯಿಲ್ಲ. 2025ರ ಜುಲೈನಲ್ಲಿ ಯುಪಿಐ ಜಮೆಯ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರು ಕಂಗಾಲಾದರು. ಇಲಾಖೆಯ ರೀತಿಯ ಬಗ್ಗೆ ನನಗೂ ತಕರಾರಿದೆ. ಆದರೆ ಬಂದ ಹಣದಲ್ಲಿ ವ್ಯಾಪಾರದ್ದೆಷ್ಟು, ಅಣ್ಣ ಕೊಟ್ಟ ಕೈಸಾಲವೆಷ್ಟು, ತೆರಿಗೆ ಇಲ್ಲದ ಹಾಲು ತರಕಾರಿಯದೆಷ್ಟು ಎಂದು ತೋರಿಸಲು ಅಂಗಡಿಯವರ ಕೈಯಲ್ಲಿ ಏನಿರಬೇಕಿತ್ತು? ಒಂದು ಪುಸ್ತಕ. ಪುಕ್ಕಟೆ ಕ್ಯೂಆರ್ ಹಲಗೆ ಬಂದ ಮೇಲೆ ಅದನ್ನು ಬರೆಯುವುದನ್ನೇ ಬಿಟ್ಟವರು ಎಷ್ಟು ಮಂದಿ! ಆರ್ಡರೆಲ್ಲ ಚಾಟಿನಲ್ಲಿ, ಹಣವೆಲ್ಲ ಆ್ಯಪಿನಲ್ಲಿ, ಬೇಕಾದಾಗ ಹಿಂದಕ್ಕೆ ಸರಿಸಿ ನೋಡಿದರಾಯಿತು ಎಂಬ ಧೈರ್ಯ. ಜಿಎಸ್‌ಟಿ ನೋಂದಣಿ ಆದವರು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ದಾಖಲೆ ಕಾಪಾಡಬೇಕೆಂದು ಕಾನೂನೇ ಇದೆ. ಮೊಬೈಲ್ ನೀರಿಗೆ ಬಿದ್ದರೆ ಹೋಗುವ ಚಾಟು ಅಷ್ಟು ಕಾಲ ಉಳಿಯುತ್ತದೆಂದು ಯಾರು ಭರವಸೆ ಕೊಟ್ಟರು?

‘ನಮ್ಮಲ್ಲಿ ಬಂಡವಾಳ ಎಲ್ಲಿದೆ?’ ಎನ್ನಬೇಡಿ. ಸ್ವಂತ ಹೆಸರಿನ ವೆಬ್ ವಿಳಾಸಕ್ಕೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು ಸಾಕು. ಆಯುಧಪೂಜೆಯ ಹೂವು, ಕುಂಬಳಕಾಯಿ, ಸಿಹಿ ಹಂಚುವುದಕ್ಕೆ ಇದಕ್ಕಿಂತ ಹೆಚ್ಚು ಖರ್ಚು ಮಾಡುತ್ತೀರಿ, ಮಾಡಲೇಬೇಕು. ಗ್ರಾಹಕರ ಪಟ್ಟಿ ಬರೆದಿಡುವುದಕ್ಕಂತೂ ಒಂದು ನೋಟ್‌ಬುಕ್ ಸಾಕು. ಇಲ್ಲದಿರುವುದು ದುಡ್ಡಲ್ಲ, ಒಂದು ಭಾನುವಾರ ಕೂತು ಈ ಕೆಲಸ ಮುಗಿಸುವ ಮನಸ್ಸು.

ಪುಕ್ಕಟೆ ಸೇವೆಗಳನ್ನು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಹಾವೇರಿಯಲ್ಲೋ ಹುನಗುಂದದಲ್ಲೋ ಕೂತ ಹೆಣ್ಣುಮಗಳ ರೊಟ್ಟಿ ಬೆಂಗಳೂರಿನ ಮನೆ ಸೇರಿದ್ದು, ದುಬೈನ ಕನ್ನಡಿಗರು ಅವಳ ಹೆಸರು ಕೇಳಿದ್ದು ಅವುಗಳಿಂದಲೇ. ಜಾತ್ರೆಯಲ್ಲಿ ಅಂಗಡಿ ಹಾಕಿ, ಸಿಕ್ಕ ಗಿರಾಕಿಗೆ ಊರಿನ ವಿಳಾಸ ಕೊಟ್ಟು ಕಳಿಸುವ ವ್ಯಾಪಾರಿಯ ಹಾಗೆ ಅವುಗಳನ್ನು ಬಳಸಿ. ಬಂದ ಪ್ರತಿ ಆರ್ಡರಿನ ಹೆಸರು, ಊರು, ನಂಬರು ಅಂದಂದೇ ನಿಮ್ಮ ಪುಸ್ತಕಕ್ಕೆ ಇಳಿಯಲಿ. ಫೋಟೊಗಳ ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕಿನಲ್ಲಿರಲಿ. ಜಿಮೇಲ್‌ನ ಪುಕ್ಕಟೆ ಜಾಗ 15 ಜಿಬಿ, ಅದರಲ್ಲಿ ಗೂಗಲ್‌ನಲ್ಲೇ ಇಟ್ಟ ನಿಮ್ಮ ಮಗಳ ಮದುವೆಯ ಫೋಟೊಗಳೂ ಸೇರುತ್ತವೆ. ಅದು ತುಂಬಿದರೆ ಗ್ರಾಹಕರು ಬರೆದ ಮೇಲ್ ನಿಮಗೆ ಮುಟ್ಟುವುದಿಲ್ಲ.

ಕೊನೆಗೆ, ಯಾವುದು ಯಾರ ಹೆಸರಿನಲ್ಲಿದೆ ಎಂದು ಇವತ್ತೇ ವಿಚಾರಿಸಿ. ಪುಟದ ಅಡ್ಮಿನ್ ಯಾರು? ಕೆಲಸ ಬಿಟ್ಟು ಪುಣೆಗೆ ಹೋದ ಹುಡುಗನೇ? ವಾಟ್ಸ್‌ಆ್ಯಪಿಗೆ ಕೊಟ್ಟ ನಂಬರಿನ ಸಿಮ್ ರೀಚಾರ್ಜ್ ಕಂಡು ಎಷ್ಟು ದಿನವಾಯಿತು? 90 ದಿನ ಬಳಸದ ಪ್ರೀಪೇಯ್ಡ್ ನಂಬರನ್ನು ಕಂಪನಿ ಕಿತ್ತು ಇನ್ನೊಬ್ಬರಿಗೆ ಕೊಡಬಹುದು. ಆಮೇಲೆ ನಿಮ್ಮ ಖಾತೆಯ ಒಟಿಪಿ ಹೋಗುವುದು ಅವರ ಫೋನಿಗೆ. ದುಡ್ಡು ಕೊಟ್ಟೇ ವೆಬ್ ವಿಳಾಸ ಕೊಂಡಿದ್ದೀರಾದರೆ ಅದು ಸೈಟ್ ಮಾಡಿಕೊಟ್ಟವನ ಹೆಸರಿನಲ್ಲಿದೆಯೋ ನಿಮ್ಮ ಹೆಸರಿನಲ್ಲಿದೆಯೋ ನೋಡಿ. ಅವನ ಹೆಸರಿನಲ್ಲಿದ್ದರೆ, ನವೀಕರಣದ ದಿನ ಬರುವ ಮೊದಲೇ, ಅವನ ಜೊತೆ ಮಾತು ಚೆನ್ನಾಗಿರುವಾಗಲೇ ವರ್ಗ ಮಾಡಿಸಿಕೊಳ್ಳಿ.