ಪುಸ್ತಕ ಹೆಚ್ಚಿದಷ್ಟೂ ಅಂಕ ಹೆಚ್ಚುವುದೆ?

ಕಳೆದ ವಾರ ಸಂಘಟನೆಯ ಕೆಲಸವಾಗಿ ಬೆಂಗಳೂರಿನ ಕಮ್ಮನಹಳ್ಳಿಗೆ ಹೋಗಿದ್ದೆ. ಮುಖ್ಯರಸ್ತೆಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಮಿತ್ರರೊಬ್ಬರು ಕರೆದು ಕೂರಿಸಿ, ಚಹ ತರಿಸಿ, ಒಂದು ಮಾತು ಕೇಳಿದರು: "ಮೇಷ್ಟ್ರೆ, ಮಗಳ ಕೋಚಿಂಗಿಗೆ ಇನ್ನೊಂದು ಸಲ ದುಡ್ಡು ಕಟ್ಟಲೋ ಬೇಡವೋ? ನೀವೇ ಹೇಳಿ." ಅವರ ಮಗಳು ಕಿರ್ಗಿಸ್ತಾನದಲ್ಲಿ ವೈದ್ಯ ಪದವಿ ಮುಗಿಸಿ ಬಂದು ಎರಡು ವರ್ಷವಾಗುತ್ತ ಬಂತು. ಇಲ್ಲಿ ವೈದ್ಯಳಾಗಬೇಕಾದರೆ ಗೆಲ್ಲಲೇಬೇಕಾದ ಪರೀಕ್ಷೆಯಲ್ಲಿ ಮೂರು ಬಾರಿ ಸೋತಿದ್ದಾಳೆ. ಕೊನೆಯ ಸಲ ಬಂದದ್ದು ೧೩೮ ಅಂಕ, ಬೇಕಾದದ್ದು ೧೫೦. ಆಕೆಯನ್ನು ಕಳುಹಿಸುವಾಗ ಮಾಡಿದ ಸಾಲವೇ ಇನ್ನೂ ತೀರಿಲ್ಲ. ಈಗ ಮನೆಯಾಕೆಯ ಎರಡೆಳೆ ಸರ ಅಡವಿಡುವ ಮಾತು ನಡೆದಿದೆ.

ಇದು ಒಂದೇ ಮನೆಯ ಕಷ್ಟವಾಗಿದ್ದರೆ ಪತ್ರಿಕೆಯಲ್ಲಿ ಬರೆಯುವ ಅಗತ್ಯವಿರಲಿಲ್ಲ. ಸರ್ಕಾರಿ ಸೀಟು ಸಿಗದೆ, ಖಾಸಗಿ ಕಾಲೇಜಿನ ಸೀಟು ಕೈಗೆಟುಕದೆ, ನಮ್ಮಂಥವರ ಮಕ್ಕಳು ರಷ್ಯಾ, ಚೀನಾ, ಯುಕ್ರೇನ್, ಫಿಲಿಪ್ಪೀನ್ಸ್ ಎಂದು ಹೋಗುತ್ತಿದ್ದಾರೆ. ೨೦೨೨ರ ಮಾರ್ಚ್ ೧ರಂದು ಖಾರ್ಕಿವ್ ನಗರದಲ್ಲಿ ಯುದ್ಧಕ್ಕೆ ಬಲಿಯಾದ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೂ ಹೀಗೆ ಹೋದವನೇ. ಬದುಕಿ ಹಿಂದಿರುಗಿದವರಿಗೆ ಇಲ್ಲಿ ಇನ್ನೊಂದು ಬಾಗಿಲು ಕಾದಿದೆ. ಆ ಬಾಗಿಲ ಮುಂದೆಯೇ ವ್ಯಾಪಾರಿಗಳ ಸಂತೆಯೂ ನೆರೆದಿದೆ.

ನಾನು ಮೆಟ್ರಿಕ್ ಓದಿದವನು, ವೈದ್ಯಶಾಸ್ತ್ರ ಬಲ್ಲವನಲ್ಲ. ಆದರೆ ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿದವನು. ಮಕ್ಕಳು ಏಕೆ ಸೋಲುತ್ತಾರೆ, ಸೋತವರು ಹೇಗೆ ಗೆಲ್ಲುತ್ತಾರೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ಆ ಧೈರ್ಯದಿಂದಲೇ ಮಿತ್ರರಿಗೆ ಹೇಳಿದೆ: "ಸರ ಅಡವಿಡಬೇಡಿ. ಮೊದಲು ಹುಡುಗಿಯ ಪುಸ್ತಕಗಳನ್ನು ತೋರಿಸಿ."

ಪುಸ್ತಕಗಳನ್ನು ಕಂಡಾಗ ನನಗೆ ರೋಗವೂ ಕಂಡಿತು. ಔಷಧಗಳ ವಿಷಯ ಒಂದಕ್ಕೇ ಐದು ಪುಸ್ತಕ. ಒಂದನ್ನೂ ಕೊನೆಯವರೆಗೆ ಓದಿಲ್ಲ. ಎರಡು ಕಂಪನಿಗಳ ಮೊಬೈಲ್ ಪಾಠಗಳು, ಅರ್ಧವನ್ನೂ ನೋಡಿಲ್ಲ. ಮೂರು ಸಲವೂ ಅಂಗರಚನೆಯಿಂದ ಆರಂಭಿಸಿದ್ದಾಳೆ, ಮೂರು ಸಲವೂ ಕೊನೆಯ ವಿಷಯಗಳಿಗೆ ಬರುವಷ್ಟರಲ್ಲಿ ಪರೀಕ್ಷೆಯ ದಿನ ಬಂದಿದೆ. "ಮೇಷ್ಟ್ರೆ, ಓದಿದ್ದೇ ಮರೆತುಹೋಗುತ್ತೆ" ಎಂದು ಆ ಮಗು ಕಣ್ಣಲ್ಲಿ ನೀರು ತಂದುಕೊಂಡಳು. ತಪ್ಪು ಆಕೆಯ ಬುದ್ಧಿಯದಲ್ಲ. ಹೆದರಿದವರಿಗೆ ಮಾರುವುದು ಸುಲಭ. ಮಾರುವವರು ಅದನ್ನು ಚೆನ್ನಾಗಿ ಬಲ್ಲರು.

ಈ ಪರೀಕ್ಷೆಯ ಸ್ವರೂಪವನ್ನು ತಂದೆತಾಯಿಗಳೂ ತಿಳಿದಿರಬೇಕು. ಎಫ್.ಎಂ.ಜಿ.ಇ. ಎಂದು ಇದರ ಹೆಸರು. ೨೦೦೨ರಲ್ಲಿ ಇದರ ನಿಯಮಗಳಾದವು. ವೈದ್ಯವಿಜ್ಞಾನಗಳ ರಾಷ್ಟ್ರೀಯ ಪರೀಕ್ಷಾ ಮಂಡಳಿ ಜೂನ್ ಮತ್ತು ಡಿಸೆಂಬರ್ ಸರದಿಯಲ್ಲಿ ವರ್ಷಕ್ಕೆ ಎರಡು ಬಾರಿ ನಡೆಸುತ್ತದೆ. ಒಟ್ಟು ೩೦೦ ಪ್ರಶ್ನೆ. ೧೫೦ರಂತೆ ಎರಡು ಭಾಗ. ಒಂದೊಂದು ಭಾಗಕ್ಕೆ ೧೫೦ ನಿಮಿಷ. ನಾಲ್ಕು ಉತ್ತರಗಳಲ್ಲಿ ಸರಿಯಾದದ್ದನ್ನು ಕಂಪ್ಯೂಟರಿನಲ್ಲಿ ಗುರುತಿಸಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ೧೫೦ ಸರಿಯಾದರೆ ತೇರ್ಗಡೆ. ಆದರೂ ೨೦೨೪ರ ಜೂನ್ ಸರದಿಯಲ್ಲಿ ಗೆದ್ದವರು ಐವರಲ್ಲಿ ಸುಮಾರು ಒಬ್ಬರು ಮಾತ್ರ.

ಗಮನಿಸಿ: ಇದು ಮೊದಲ ಸ್ಥಾನಕ್ಕಾಗಿ ಓಡುವ ಓಟವಲ್ಲ. ಪಕ್ಕದವನನ್ನು ಹಿಂದೆ ಹಾಕಬೇಕಾಗಿಲ್ಲ. ಅರ್ಧ ಗೆರೆ ದಾಟಿದರೆ ಸಾಕು. ಹಾಗಾದರೆ ಎಲ್ಲ ಪುಸ್ತಕ, ಎಲ್ಲ ಪಾಠ, ಎಲ್ಲ ಕಂಪನಿ ಏಕೆ ಬೇಕು?

ನಾನು ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಯಾವ ವಿಷಯಕ್ಕೆ ಎಷ್ಟು ಪ್ರಶ್ನೆ ಎಂಬುದನ್ನು ಮಂಡಳಿಯೇ ಪ್ರಕಟಿಸಿದೆ. ಜನರಲ್ ಮೆಡಿಸಿನ್ ೩೩, ಶಸ್ತ್ರಚಿಕಿತ್ಸೆ ೩೨, ಹೆರಿಗೆ ಮತ್ತು ಸ್ತ್ರೀರೋಗ ೩೦, ಸಮುದಾಯ ವೈದ್ಯಶಾಸ್ತ್ರ ೩೦. ಈ ನಾಲ್ಕರಿಂದಲೇ ೧೨೫. ಮಕ್ಕಳ ರೋಗ, ಕಣ್ಣು, ಕಿವಿ-ಮೂಗು-ಗಂಟಲು ಒಂದೊಂದಕ್ಕೆ ೧೫, ಅದು ೪೫. ಪೆಥಾಲಜಿ, ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರ ಒಂದೊಂದಕ್ಕೆ ೧೩, ಅದು ೩೯. ಹತ್ತು ವಿಷಯ ಸೇರಿ ೨೦೯. ಇದರಲ್ಲಿ ಮುಕ್ಕಾಲು ಪಾಲು ಸರಿಯಾದರೆ ೧೫೬, ಅಲ್ಲಿಗೇ ತೇರ್ಗಡೆ. ಉಳಿದ ೯೧ ಪ್ರಶ್ನೆಗಳನ್ನು ಖಾಲಿ ಬಿಡಬಾರದು. ಏನೂ ತಿಳಿಯದೆ ಗುರುತಿಸಿದರೂ ಸರಾಸರಿಯಲ್ಲಿ ನಾಲ್ಕರಲ್ಲೊಂದು ಸರಿಬೀಳುತ್ತದೆ. ಆದರೆ ಊಹೆ ಕೈಕೊಡಬಹುದು. ಅದನ್ನು ಮೇಲುಳಿತಾಯವೆಂದು ಎಣಿಸಬೇಕೇ ಹೊರತು ಬಂಡವಾಳವೆಂದಲ್ಲ.

ಅಂಗರಚನೆಗೆ ಪ್ರಶ್ನೆ ೧೭. ಅದಕ್ಕೆ ಎರಡೂವರೆ ತಿಂಗಳು ಸುರಿದ ಹುಡುಗಿ, ೩೦ ಪ್ರಶ್ನೆಯ ಸಮುದಾಯ ವೈದ್ಯಶಾಸ್ತ್ರಕ್ಕೆ ಕೊಟ್ಟದ್ದು ನಾಲ್ಕು ದಿನ. ಈ ವಿಷಯದಲ್ಲಿ ನಮ್ಮ ದೇಶದ ಲಸಿಕೆಯ ಪಟ್ಟಿ, ಕ್ಷಯ ಮತ್ತು ಮಲೇರಿಯಾ ಕಾರ್ಯಕ್ರಮ, ಆಶಾ ಕಾರ್ಯಕರ್ತೆಯ ಕೆಲಸ, ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯವಸ್ಥೆ ಎಲ್ಲವೂ ಬರುತ್ತವೆ. ಇದನ್ನು ಪರದೇಶದ ಕಾಲೇಜು ಹೇಗೆ ಕಲಿಸೀತು? ಕಿರ್ಗಿಸ್ತಾನವನ್ನು ವಿಶ್ವ ಆರೋಗ್ಯ ಸಂಸ್ಥೆ ೨೦೧೬ರಲ್ಲಿಯೇ ಮಲೇರಿಯಾಮುಕ್ತ ದೇಶವೆಂದು ಸಾರಿದೆ. ಅಲ್ಲಿ ಕಲಿತವಳು ಇಲ್ಲಿನ ಜ್ವರವನ್ನು ಇಲ್ಲಿಯೇ ಕಲಿಯಬೇಕು. ಹೊರಗೆ ಓದಿದವರಿಗೆ ಅಂಕ ಸೋರುವ ತೂತು ಇದೇ. ಇದನ್ನೇ ಮೊದಲು ಮುಚ್ಚಬೇಕು.

ಇನ್ನು ಪುಸ್ತಕದ ಆಯ್ಕೆ. ವಿಷಯಕ್ಕೆ ಒಂದೇ ಪುಸ್ತಕ, ಅದಕ್ಕೊಂದು ಪ್ರಶ್ನೆಸಂಗ್ರಹ, ಅಷ್ಟೆ. ಕಾಲೇಜಿನಲ್ಲಿ ಓದಿದ ದಪ್ಪ ಗ್ರಂಥ ಸಂದೇಹ ಬಂದಾಗ ತೆರೆದು ನೋಡಲಿಕ್ಕೆ ಇರಲಿ. ಅವೆನ್ಯೂ ರಸ್ತೆಯ ಹಳೆಯ ಪುಸ್ತಕ ಸಾಲದೆ ಎಂದು ಮಿತ್ರರು ಕೇಳಿದರು. ಅಂಗರಚನೆಗೆ ಖಂಡಿತ ಸಾಕು. ಮನುಷ್ಯನ ಮೂಳೆ ವರ್ಷಕ್ಕೊಮ್ಮೆ ಬದಲಾಗುವುದಿಲ್ಲ. ಆದರೆ ಎರಡು ವಿಷಯಗಳಲ್ಲಿ ಹಳೆಯ ಪುಸ್ತಕ ಅಪಾಯ. ಒಂದು, ಸಮುದಾಯ ವೈದ್ಯಶಾಸ್ತ್ರ. ಕ್ಷಯರೋಗಕ್ಕೆ ದಿನ ಬಿಟ್ಟು ದಿನ ಮಾತ್ರೆ ಕೊಡುತ್ತಿದ್ದ ಪದ್ಧತಿ ಹೋಗಿ ದಿನನಿತ್ಯದ ಪದ್ಧತಿ ಬಂದಿದೆ. ೨೦೨೦ರಲ್ಲಿ ಆ ಕಾರ್ಯಕ್ರಮದ ಹೆಸರೂ ಬದಲಾಯಿತು. ಇಲ್ಲಿನ ಕಾಲೇಜುಗಳಲ್ಲಿ ರೂಢಿಯಲ್ಲಿರುವ ಪಾರ್ಕ್ ಅವರ ಪುಸ್ತಕದ ಹೊಸ ಮುದ್ರಣವನ್ನೇ ಕೊಳ್ಳಬೇಕು. ಇನ್ನೊಂದು, ನ್ಯಾಯವೈದ್ಯಶಾಸ್ತ್ರ. ೨೦೨೪ರ ಜುಲೈ ೧ರಿಂದ ಹಳೆಯ ದಂಡಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕಲಮುಗಳ ಸಂಖ್ಯೆಗಳು ಬೇರೆಯಾಗಿವೆ. ಹಳೆಯ ಪುಸ್ತಕ ನಂಬಿದವರು ಓದಿಯೂ ತಪ್ಪು ಬರೆಯುತ್ತಾರೆ.

ನೆಕ್ಸ್ಟ್ ಎಂಬ ಹೊಸ ಪರೀಕ್ಷೆಯ ಹೆಸರಿನಲ್ಲಿಯೂ ಈಗ ಮಾರಾಟ ನಡೆದಿದೆ. ೨೦೧೯ರ ಕಾನೂನಿನಲ್ಲಿ ಅದರ ಮಾತಿರುವುದು ನಿಜ. ೨೦೨೩ರ ಜುಲೈಯಲ್ಲಿ ಅದನ್ನು ಮುಂದಕ್ಕೆ ಹಾಕಿದರು. ಅಧಿಕೃತವಾಗಿ ದಿನಾಂಕ ಪ್ರಕಟವಾಗುವ ಮುನ್ನ ಅದಕ್ಕೆಂದು ಒಂದು ರೂಪಾಯಿಯನ್ನೂ ಕೊಡಬೇಡಿ.

ಓದುವ ಬಗೆಯಲ್ಲಿ ಗುಟ್ಟೇನೂ ಇಲ್ಲ. ಬಣ್ಣದ ಗೆರೆ ಎಳೆಯುತ್ತ ಮತ್ತೆ ಮತ್ತೆ ಓದುವ ಹುಡುಗ ಮರೆಯುತ್ತಾನೆ. ಪುಸ್ತಕ ಮುಚ್ಚಿ ತಾನೇ ಉತ್ತರ ಹೇಳಿಕೊಳ್ಳುವವನು ಉಳಿಸಿಕೊಳ್ಳುತ್ತಾನೆ. ಇದನ್ನು ನನ್ನ ತರಗತಿಯಲ್ಲಿ ಪ್ರತಿ ವರ್ಷವೂ ಕಂಡೆ. ವಿಡಿಯೊ ನೋಡಿದ್ದು ಓದಿದಂತಲ್ಲ. ಮಾಡಿದ ತಪ್ಪುಗಳಿಗೆಂದೇ ಒಂದು ನೋಟ್‌ಬುಕ್ ಇರಲಿ: ಯಾವ ಪ್ರಶ್ನೆ ತಪ್ಪಿತು, ಏಕೆ ತಪ್ಪಿತು. ಅದನ್ನು ಮಾರನೆಯ ದಿನ, ವಾರದ ಮೇಲೆ, ತಿಂಗಳ ಮೇಲೆ ತಿರುವಿ ನೋಡಲಿ. ಭಾನುವಾರಕ್ಕೊಮ್ಮೆ ಫೋನನ್ನು ತಂದೆಯ ಕೈಗೆ ಕೊಟ್ಟು, ಗಡಿಯಾರವಿಟ್ಟುಕೊಂಡು, ೧೫೦ ನಿಮಿಷದಲ್ಲಿ ೧೫೦ ಪ್ರಶ್ನೆ ಬಿಡಿಸಲಿ. ಕೊನೆಯ ಆರು ವಾರ ಹೊಸ ಪುಸ್ತಕ ಮನೆಯೊಳಕ್ಕೆ ಬರಬಾರದು.

ಎಲ್ಲಕ್ಕಿಂತ ಮುಖ್ಯವಾದುದು, ಒಬ್ಬಳೇ ಓದಬಾರದು. ಲಿಂಗರಾಜಪುರ, ಕಲ್ಯಾಣನಗರ, ಹಲಸೂರು ಕಡೆಗಳಲ್ಲಿ ಇದೇ ಪರೀಕ್ಷೆಗೆ ಕೂತು ನಾಚಿಕೆಯಿಂದ ಮನೆಯೊಳಗೇ ಅಡಗಿರುವ ಮಕ್ಕಳಿದ್ದಾರೆ. ನಾಲ್ವರು ಸೇರಿದರೆ ಒಂದು ಪುಸ್ತಕ ನಾಲ್ವರಿಗಾಗುತ್ತದೆ. ಒಬ್ಬರು ಕೇಳಿದರೆ ಮೂವರು ಹೇಳುತ್ತಾರೆ. ಗಿರಣಿಯಲ್ಲಿ ಒಬ್ಬೊಬ್ಬರೇ ನಿಂತು ಕೂಲಿ ಕೇಳಿದಾಗ ಏನಾಯಿತು, ಒಟ್ಟಾಗಿ ಕೇಳಿದಾಗ ಏನಾಯಿತು ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪವುಂಟು. "ಅಂಕದ ಲೆಕ್ಕ ಹಾಕಿ ಗೆದ್ದ ವೈದ್ಯರ ಕೈಗೆ ನಮ್ಮ ಪ್ರಾಣ ಕೊಡುವುದೆ?" ಎಂದು ಓದುಗರು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಇಂದಿರಾನಗರದ ಇ.ಎಸ್.ಐ. ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವವರು ದುಡಿಯುವ ಜನ. ಅರೆಕಲಿತ ವೈದ್ಯರಿಂದ ಮೊದಲು ಸಾಯುವವರೂ ಅವರೇ. ಆದುದರಿಂದ ಪರೀಕ್ಷೆ ರದ್ದಾಗಲೆಂದಾಗಲಿ, ತೇರ್ಗಡೆಯ ಅಂಕ ಇಳಿಯಲೆಂದಾಗಲಿ ನಾನು ಹೇಳುವುದಿಲ್ಲ. ಲೆಕ್ಕ ಇರುವುದು ಯಾವುದನ್ನು ಮೊದಲು ಓದಬೇಕೆಂಬುದಕ್ಕೆ. ಹೆರಿಗೆ, ಮಕ್ಕಳ ರೋಗ, ಕ್ಷಯ, ಜ್ವರ: ಹೆಚ್ಚು ಅಂಕವಿರುವ ವಿಷಯಗಳೇ ಬಡವರ ಮನೆಗೆ ಹೆಚ್ಚಾಗಿ ಬರುವ ಕಷ್ಟಗಳೂ ಆಗಿವೆ. ಅವನ್ನು ಚೆನ್ನಾಗಿ ಓದಿದವಳು ನಮಗೆ ಬೇಕಾದ ವೈದ್ಯಳೇ. ಉಳಿದುದನ್ನು ಆಸ್ಪತ್ರೆಯ ತರಬೇತಿಯಲ್ಲಿ ರೋಗಿಯ ಪಕ್ಕ ನಿಂತು ಕಲಿಯಬೇಕು.

ಸರ್ಕಾರದ ಪಾಲೂ ಇದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ತನ್ನ ಕಾಲೇಜುಗಳಿಗಾಗಿ ಹೆಲಿನೆಟ್ ಎಂಬ ಡಿಜಿಟಲ್ ಗ್ರಂಥಾಲಯ ನಡೆಸುತ್ತಿದೆ. ಹಿಂದಿರುಗಿದ ಕನ್ನಡನಾಡಿನ ಮಕ್ಕಳಿಗೂ ಅದನ್ನು ತೆರೆಯಲಿ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಂಥ ಕಡೆ ಸಂಜೆ ಎರಡು ಗಂಟೆ ನಿವೃತ್ತ ಪ್ರಾಧ್ಯಾಪಕರಿಂದ ಪಾಠ ಏರ್ಪಡಿಸಲಿ. ವ್ಯಾಪಾರಿ ಬಂಧುಗಳೆ, ನೀವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವೂ ಸೇರಿರುತ್ತದೆ. ಬಡಾವಣೆಯ ವಾಚನಾಲಯದಲ್ಲಿ ರಾತ್ರಿ ಹತ್ತರವರೆಗೆ ದೀಪ ಉರಿಯಲಿ, ಈ ಪುಸ್ತಕಗಳ ಒಂದೊಂದು ಪ್ರತಿ ಇರಲಿ ಎಂದು ಕೇಳುವುದು ಭಿಕ್ಷೆಯಲ್ಲ, ಕೊಟ್ಟ ಹಣಕ್ಕೆ ಲೆಕ್ಕ ಕೇಳುವುದು.

ಮಿತ್ರರು ಸರವನ್ನು ಪೆಟ್ಟಿಗೆಯಲ್ಲೇ ಇಟ್ಟಿದ್ದಾರೆ. ಅಂಗಡಿಯ ಮೇಲಿನ ಸಾಮಾನಿನ ಕೋಣೆ ಖಾಲಿ ಮಾಡಿಸಿ, ಒಂದು ಉದ್ದನೆಯ ಮೇಜು, ನಾಲ್ಕು ಕುರ್ಚಿ ಹಾಕಿಸಿದ್ದಾರೆ. ಮೂರು ಕುರ್ಚಿಗೆ ಮಕ್ಕಳು ಬಂದಿದ್ದಾರೆ. ನಾಲ್ಕನೆಯದು ಖಾಲಿ ಇದೆ. ನಿಮ್ಮ ಬೀದಿಯಲ್ಲಿ ಅಂಥ ಮಗು ಯಾರಾದರೂ ಇದ್ದರೆ ಕಳುಹಿಸಿಕೊಡಿ.