ಹಳೆಯ ಯಂತ್ರ, ಒಳಗಿನ ಕನ್ನಡ

ಮನೆಯ ಹಳೆಯ ಗಣಕಯಂತ್ರವನ್ನು ಸುಧಾರಿಸಿಕೊಳ್ಳಬೇಕೆ, ಹೊಸದನ್ನು ಕೊಳ್ಳಬೇಕೆ? 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿದ ಮೇಲೆ ಚೆನ್ನೈನ ಕನ್ನಡಿಗರ ಮನೆಗಳಿಗೂ ಬಂದಿರುವ ಪ್ರಶ್ನೆಯಿದು. ವಿಂಡೋಸ್ 11 ಬಯಸುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಅನೇಕ ಹಳೆಯ ಯಂತ್ರಗಳಲ್ಲಿಲ್ಲ. ಹಾಗೆಂದು ಅವನ್ನು ಗುಜರಿಗೆ ಹಾಕುವುದು ದುಂದು. ರಿಚೀ ಸ್ಟ್ರೀಟಿನಲ್ಲಿ ಎಸ್‌ಎಸ್‌ಡಿ, ರ‍್ಯಾಮ್ ಕೊಂಡು ಹಾಕಿಸಿ, ಉಚಿತವಾಗಿ ದೊರೆಯುವ ಲಿನಕ್ಸ್ ಅಳವಡಿಸಿದರೆ ಓದುಬರಹಕ್ಕೆ ಇನ್ನೂ ಕೆಲವು ವರ್ಷ ಬಂದೀತು.

ಆದರೆ ಡಿಸ್ಕನ್ನು ಬದಲಿಸುವ ಮುನ್ನ ಅದರೊಳಗೆ ಏನಿದೆಯೆಂದು ನೋಡಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ನಾವು ಬೆರಳಚ್ಚಿಸಿದ ಲೇಖನ, ನಾಟಕ, ಸಂಘದ ವರದಿಗಳು ಅಲ್ಲಿವೆ. ಆ ಕಡತಗಳಲ್ಲಿರುವುದು ರೋಮನ್ ಲಿಪಿಯ ಸಂಕೇತಗಳು. ಅವಕ್ಕೆ ಕನ್ನಡದ ರೂಪ ಕೊಡುವುದು ಅಕ್ಷರಶೈಲಿ. ಅದಿಲ್ಲದ ಯಂತ್ರದಲ್ಲಿ ನಮ್ಮ ಬರಹ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ಕರ್ನಾಟಕದಲ್ಲಿ ಕಳೆದ ಪ್ರತಿ ಇನ್ನೊಂದೆಡೆ ದೊರೆತೀತು. ಹೊರನಾಡಿನ ಸಂಘದ ಚರಿತ್ರೆಗೆ ಎಷ್ಟೋ ವೇಳೆ ಬೇರೆ ಪ್ರತಿಯೇ ಇರುವುದಿಲ್ಲ.

ಆದುದರಿಂದ ಮೊದಲು ಪರಿವರ್ತಕ ತಂತ್ರಾಂಶದ ನೆರವಿನಿಂದ ಅವನ್ನು ಯೂನಿಕೋಡ್‌ಗೆ ತಂದು, ಎರಡು ಕಡೆ ಪ್ರತಿ ಇರಿಸಿಕೊಳ್ಳೋಣ. ಯಂತ್ರದ ಮಾತು ಆಮೇಲೆ. ಮನೆ ಬದಲಿಸುವಾಗ ದೇವರ ಪಟವನ್ನು ಮೊದಲು ಒಯ್ಯುವವರು ನಾವು. ಯಂತ್ರ ಬದಲಿಸುವಾಗ ಕನ್ನಡವನ್ನು ಹಿಂದೆ ಬಿಡುವುದು ತರವೆ?