ಬೆಳಕು ತಾಗದ ಕಡೆ ಈ ಅಂಟು ಹಿಡಿಯಲ್ಲ

ಪೆನ್ನಿನಂಥ ಟ್ಯೂಬಿನಲ್ಲಿ ಅಂಟು, ತುದಿಯಲ್ಲಿ ನೇರಳೆ ಬೆಳಕಿನ ಪುಟ್ಟ ಟಾರ್ಚು. ಹಚ್ಚಿ ಬೆಳಕು ಬಿಟ್ಟರೆ ಐದೇ ಸೆಕೆಂಡಿಗೆ ಗಟ್ಟಿ. ಈ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರುತ್ತೆ. ನಾವೂ ನೋಡಿ ಮರುಳಾಗಿ ತರಿಸಿದೆವು. ಕೈಗೆ ಮೊದಲು ಸಿಕ್ಕಿದ್ದು ಕಾಲು ಮುರಿದಿದ್ದ ಚನ್ನಪಟ್ಟಣದ ಮರದ ಕುದುರೆ. ಅಂಟಿಸಿ ಮಗುವಿನ ಕೈಗೆ ಕೊಟ್ಟು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಾಲು ಕೆಳಗೆ ಬಿತ್ತು. ಅಂಚಿನಲ್ಲಿ ಮಾತ್ರ ಗಟ್ಟಿ, ಒಳಗೆ ಜೇನುತುಪ್ಪದ ಹಾಗೆ ಹಸಿ. "ಇನ್ನೂರು ರೂಪಾಯಿ ನೀರಿಗೆ ಹಾಕ್ದಂಗಾಯ್ತು ಬುಡು" ಅಂದಳು ಅವ್ವ.

ತಪ್ಪು ಅಂಟಿನದಲ್ಲ, ನಮ್ಮದೇ. ಫೆವಿಕಾಲ್ ನೀರು ಆರಿ ಗಟ್ಟಿಯಾಗುತ್ತೆ, ಫೆವಿಕ್ವಿಕ್ ಗಾಳಿಯ ತೇವಕ್ಕೆ ಗಟ್ಟಿಯಾಗುತ್ತೆ. ಇದಕ್ಕೆ ಬೆಳಕೇ ಬೇಕು. ಹಲ್ಲಿನ ಡಾಕ್ಟರು ಹುಳುಕಿಗೆ ಮೇಣದಂಥದ್ದು ತುಂಬಿ ನೀಲಿ ಬೆಳಕು ಹಿಡಿಯುತ್ತಾರಲ್ಲ, ಅದೇ ಜಾತಿ. ಮರದೊಳಗೆ, ಅರಗಿನ ಬಣ್ಣದ ಕೆಳಗೆ ಬೆಳಕು ಎಲ್ಲಿಂದ ಹೋಗಬೇಕು? ಆ ಕುದುರೆಗೆ ಕೊನೆಗೆ ಹಳೇ ಫೆವಿಕಾಲನ್ನೇ ಹಚ್ಚಿ, ದಾರ ಸುತ್ತಿ, ಒಂದು ರಾತ್ರಿ ಬಿಟ್ಟೆವು. ಇವತ್ತಿಗೂ ಓಡುತ್ತಿದೆ.

ಹಾಗಾದರೆ ಈ ಟ್ಯೂಬು ಯಾತಕ್ಕೆ? ಮಳವಳ್ಳಿ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಸುದ್ದಿಗೆಂದು ಹೋದಾಗ ಗೊತ್ತಾಯಿತು. ವಿಜ್ಞಾನದ ಬೀರುವಿನಲ್ಲಿ ಕಣ್ಣಿನ ಮಾದರಿ ಒಂದಿತ್ತು. ಮುಂದಿನ ಗಾಜಿನಂಥ ಪ್ಲಾಸ್ಟಿಕ್ ಹೊದಿಕೆ ಎರಡು ಹೋಳು. ಮಕ್ಕಳು ಪುಸ್ತಕದ ಚಿತ್ರದಲ್ಲೇ ಕಣ್ಣು ನೋಡಿಕೊಂಡು ಪರೀಕ್ಷೆ ಬರೆಯುತ್ತಿದ್ದರು. "ಸ್ಟಾಕ್ ಬುಕ್ಕಲ್ಲಿದೆ ಸಾರ್, ಎಸೆಯಂಗೂ ಇಲ್ಲ, ಏನಾದ್ರೂ ಮಾಡಿ ಇನ್ನಷ್ಟು ಹಾಳಾದ್ರೆ ನಮ್ಮ ತಲೆಗೆ ಬರುತ್ತೆ" ಅಂದರು ಮೇಷ್ಟ್ರು. ಹೆಡ್ಮೇಷ್ಟ್ರನ್ನು ಕೇಳಿ ನಾವೇ ಕೂತೆವು. ಧೂಳು ಒರೆಸಿ, ಹೋಳು ಕೂಡಿಸಿ ಹೊರಗಿನಿಂದ ಟೇಪು ಹಾಕಿ, ಒಳಗಿನಿಂದ ಬಿರುಕಿನುದ್ದಕ್ಕೂ ತೆಳ್ಳಗೆ ಅಂಟು ಎಳೆದು ಬೆಳಕು ಬಿಟ್ಟೆವು. ಪ್ಲಾಸ್ಟಿಕ್ ತಿಳಿಯಾಗಿದ್ದರಿಂದ ಬೆಳಕು ಆಚೆಯವರೆಗೂ ಹೋಯಿತು. ಹತ್ತು ನಿಮಿಷದ ಕೆಲಸ. ಫೆವಿಕ್ವಿಕ್ ಹಾಕಿದ್ದರೆ ಬಿರುಕಿನ ಸುತ್ತ ಬೆಳ್ಳಗೆ ಮಂಜು ಕಟ್ಟುತ್ತಿತ್ತು.

ತಿಳಿ ಪ್ಲಾಸ್ಟಿಕ್ಕಿಗೆ, ಗಾಜಿಗೆ, ಗೊಂಬೆಯ ಮೂಗಿನ ತುದಿ ಎಗರಿದ್ದರೆ ಒಂದೊಂದೇ ತೆಳು ಪದರ ಹಾಕಿ ತುಂಬಿಸೋಕೆ ಇದು ಒಳ್ಳೆಯದು. ದಪ್ಪಗೆ ಸುರಿದರೆ ಮೇಲೆ ಗಟ್ಟಿ, ತಳದಲ್ಲಿ ಹಸಿ. ಬಕೆಟ್ಟಿನ ಜಾತಿಯ, ಮುಟ್ಟಿದರೆ ಮೇಣದಂತೆ ಜಾರುವ ಪ್ಲಾಸ್ಟಿಕ್ ಆಟಿಕೆಗೆ ಈ ಅಂಟೂ ನಿಲ್ಲಲ್ಲ, ಬೇರೆ ಮಾಮೂಲಿ ಅಂಟೂ ಸರಿಯಾಗಿ ನಿಲ್ಲಲ್ಲ. ಮುಂಚೆ ಊರೂರಿಗೆ ಬಂದು ಒಡೆದ ಪ್ಲಾಸ್ಟಿಕ್ ಕೊಡಕ್ಕೆ ಬಿಸಿ ಕಬ್ಬಿಣ ಇಟ್ಟು ಬೆಸೆಯುತ್ತಿದ್ದರು, ಅವರೇ ಅದಕ್ಕೆ ಸರಿಯಾದ ಡಾಕ್ಟರು.

ವಿಡಿಯೊದವರು ಹೇಳದ ಮಾತೊಂದಿದೆ. ಹಸಿ ಅಂಟು ಚರ್ಮಕ್ಕೆ ತಾಗಿದರೆ ಕೆಲವರಿಗೆ ತುರಿಕೆ, ಅಲರ್ಜಿ ಆಗುತ್ತೆ. ಕೈಗವಸು ಹಾಕಿ, ಕಿಟಕಿ ತೆಗೆದಿಡಿ, ಟಾರ್ಚನ್ನು ಕಣ್ಣಿಗೆ ಬಿಟ್ಟುಕೊಳ್ಳಬೇಡಿ. ಬಾಯಿಗೆ ಇಡುವ ಕೂಸಿನ ಆಟಿಕೆಗಂತೂ ಹಚ್ಚಲೇಬೇಡಿ.

ನಾವು ಕೇಳುವುದು ಇಷ್ಟು. ಮಂಡ್ಯ, ಮದ್ದೂರು, ಮಳವಳ್ಳಿ ಎಲ್ಲೇ ಇರಲಿ, ಎಸ್‌ಡಿಎಂಸಿಯವರು ಮುಂದಿನ ಸಭೆಯಲ್ಲಿ ಬೀರು ತೆಗೆಸಿ ನೋಡಲಿ. ರಿಪೇರಿ ಮಾಡಿಸಿದೆವು ಅಂತ ನಡಾವಳಿಯಲ್ಲಿ ಒಂದು ಸಾಲು ಬರೆದರೆ ಮೇಷ್ಟ್ರ ಭಯ ಹೋಗುತ್ತೆ. ಬಿಇಒ ಆಫೀಸಿನವರೂ ಅದನ್ನು ಬಾಯಿಬಿಟ್ಟು ಹೇಳಲಿ. ಮಕ್ಕಳು ಮುಟ್ಟಿ ನೋಡಲಿ ಅಂತ ಸರ್ಕಾರ ಕೊಟ್ಟ ಮಾದರಿಯನ್ನು ಲೆಕ್ಕಕ್ಕಾಗಿ ಬೀಗ ಹಾಕಿ ಇಡುವುದು ಯಾವ ಊರಿನ ನ್ಯಾಯ?

ಆ ಶಾಲೆಯ ಬೀರುವಿನಲ್ಲಿ ಬುಡ ಕಿತ್ತ ಗ್ಲೋಬ್ ಒಂದಿದೆ. ಅದಕ್ಕೆ ಈ ಅಂಟು ಬೇಡ, ಎಂ-ಸೀಲ್ ಸಾಕು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಬರುತ್ತೇವೆ ಅಂತ ಮೇಷ್ಟ್ರಿಗೆ ಹೇಳಿ ಬಂದಿದ್ದೇವೆ.